ಇಂದಿನ ಧಮ್ಮ ಚಿಂತನೆ: ಹೆತ್ತವರ ಶ್ಲೋಕ ಮತ್ತು ಮನಸ್ಸಿನ ಶಾಂತಿ





ನಮ್ಮ ಅಧ್ಯಯನ ಬಳಗದ ಉಪಾಸಿಕೆಯೊಬ್ಬರು ಮೊನ್ನೆ ಒಂದು ಪ್ರಶ್ನೆ ಕಳಿಸಿದ್ದರು. "ಅಕ್ಕಾ, ನನ್ನ ಮಗಳು ಆರನೇ ಕ್ಲಾಸು. ತಂದೆತಾಯಿಯನ್ನು ಗೌರವಿಸಬೇಕು ಅನ್ನುವ ಒಂದು ಸಂಸ್ಕೃತ ಶ್ಲೋಕ ಬಾಯಿಪಾಠ ಮಾಡಿಸಿದ್ದಾರೆ. ದಿನಾ ಬೆಳಿಗ್ಗೆ ಹೇಳಿದರೆ ಮನಸ್ಸು ಶಾಂತವಾಗುತ್ತೆ, ಪಾಠ ತಲೆಗೆ ಹತ್ತುತ್ತೆ ಅಂತಲೂ ಹೇಳಿದ್ದಾರೆ. ನಾವು ದೀಕ್ಷೆ ತಗೊಂಡವರು. ಮಗು ಅದನ್ನು ಹೇಳಬಹುದಾ?"

ಎರಡು ದಿನ ಗುಂಪಿನಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. "ನಮ್ಮ ಕಿವಿಗೆ ಸೀಸ ಹುಯ್ಯಬೇಕು ಅಂದವರ ಭಾಷೆ ನಮ್ಮ ಮಕ್ಕಳ ಬಾಯಿಗೆ ಬೇಡ" ಎಂದರು ಕೆಲವರು. "ಅಪ್ಪ ಅವ್ವನಿಗೆ ಕೈಮುಗಿಯೋಕೆ ಯಾವ ಭಾಷೆಯಾದರೇನು" ಎಂದರು ಇನ್ನು ಕೆಲವರು. ಕೊನೆಗೆ ಒಬ್ಬ ಅಣ್ಣ ಬರೆದರು: "ಶ್ಲೋಕದ ಮಾತು ಇರಲಿ. ನಮ್ಮವ್ವ ಊರಿಂದ ಮಾಡಿದ ಫೋನು ಎತ್ತದೆ ನಂಗೆ ಒಂದು ವಾರ ಆಯ್ತು." ಅದಾದ ಮೇಲೆ ಯಾರೂ ಏನೂ ಬರೆಯಲಿಲ್ಲ.

ನನಗೆ ಅನಿಸಿದ್ದು, ಈ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಭಾಷೆಯದು ಒಂದು, ಹೆತ್ತವರದು ಒಂದು, ಮನಸ್ಸಿನದು ಒಂದು. ಒಂದೊಂದಾಗಿ ನೋಡೋಣ.

*ಮೊದಲು ಭಾಷೆಯ ಮಾತು*

ಸಂಸ್ಕೃತದ ಹೆಸರೆತ್ತಿದರೆ ನಮ್ಮವರ ಎದೆಯಲ್ಲಿ ಏಳುವ ನೋವು ಸುಮ್ಮನೆ ಹುಟ್ಟಿದ್ದಲ್ಲ. ಬಾಬಾಸಾಹೇಬರು ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದುವಾಗ ಸಂಸ್ಕೃತ ಕಲಿಯಲು ಆಸೆಪಟ್ಟರು. ಅಸ್ಪೃಶ್ಯರ ಹುಡುಗನಿಗೆ ಆ ಬಾಗಿಲು ತೆರೆಯಲಿಲ್ಲ. ಪರ್ಷಿಯನ್ ಭಾಷೆ ತೆಗೆದುಕೊಳ್ಳಬೇಕಾಯಿತು. ಮುಂದೆ ಅವರು ಸ್ವಂತ ಪ್ರಯತ್ನದಿಂದ ಸಂಸ್ಕೃತ ಕಲಿತರು. ಪಾಲಿಯನ್ನಂತೂ ವ್ಯಾಕರಣ, ನಿಘಂಟು ಸಿದ್ಧಪಡಿಸುವ ಮಟ್ಟಕ್ಕೆ ಅಭ್ಯಾಸ ಮಾಡಿದರು. ಅವರ ಬರಹ ಮತ್ತು ಭಾಷಣಗಳ 16ನೇ ಸಂಪುಟವನ್ನು ತೆರೆದರೆ ಆ ಶ್ರಮ ಕಾಣುತ್ತದೆ. ಅವರ ಸಿಟ್ಟು ಬಾಗಿಲು ಮುಚ್ಚಿದವರ ಮೇಲಿತ್ತು. ಒಳಗಿದ್ದ ಅಕ್ಷರದ ಮೇಲೆ ಇರಲಿಲ್ಲ.

ಇನ್ನೊಂದು ವಿಷಯ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಬೌದ್ಧರೂ ಸಂಸ್ಕೃತದಲ್ಲಿ ಧಾರಾಳವಾಗಿ ಬರೆದಿದ್ದಾರೆ. ಬುದ್ಧಚರಿತ ಬರೆದ ಅಶ್ವಘೋಷ, ಮಾಧ್ಯಮಿಕ ದರ್ಶನದ ನಾಗಾರ್ಜುನ, ಬೋಧಿಚರ್ಯಾವತಾರದ ಶಾಂತಿದೇವ ಬರೆದದ್ದು ಸಂಸ್ಕೃತದಲ್ಲಿಯೇ. ತಾಯಿಯನ್ನು ಒಂದು ಹೆಗಲ ಮೇಲೆ, ತಂದೆಯನ್ನು ಇನ್ನೊಂದು ಹೆಗಲ ಮೇಲೆ ಹೊತ್ತು ನೂರು ವರ್ಷ ನಡೆದರೂ ಅವರ ಋಣ ತೀರದು ಎಂಬ ಬುದ್ಧರ ಮಾತು ಪಾಲಿಯ ಅಂಗುತ್ತರ ನಿಕಾಯದಲ್ಲೂ ಇದೆ, ಸಂಸ್ಕೃತದ ದಿವ್ಯಾವದಾನದಲ್ಲೂ ಇದೆ. ಹಾಗಾಗಿ ಒಂದು ಶ್ಲೋಕ ಸಂಸ್ಕೃತದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ನಮಗೆ ಹೊರಗಿನದಾಗುವುದಿಲ್ಲ.

ಆದರೆ ಬುದ್ಧರು ಭಾಷೆಯ ಬಗ್ಗೆ ಒಂದು ಸ್ಪಷ್ಟ ಮಾತು ಹೇಳಿದ್ದಾರೆ, ಅದನ್ನು ಮರೆಯಬಾರದು. ವಿನಯಪಿಟಕದ ಚುಲ್ಲವಗ್ಗದಲ್ಲಿ ಈ ಪ್ರಸಂಗ ಬರುತ್ತದೆ. ಯಮೇಳು, ತೇಕುಲ ಎಂಬ ಇಬ್ಬರು ಭಿಕ್ಕುಗಳು ಹುಟ್ಟಿನಿಂದ ಬ್ರಾಹ್ಮಣರು, ಒಳ್ಳೆಯ ಮಾತುಗಾರರು. ಅವರು ಬಂದು, "ಭಂತೇ, ನಾನಾ ಕುಲದಿಂದ ಬಂದ ಭಿಕ್ಕುಗಳು ತಮ್ಮ ತಮ್ಮ ಮಾತಿನಲ್ಲಿ ಹೇಳಿ ನಿಮ್ಮ ವಚನವನ್ನು ಕೆಡಿಸುತ್ತಿದ್ದಾರೆ. ಅದನ್ನು ಛಂದಸ್ಸಿಗೆ ಏರಿಸುತ್ತೇವೆ" ಎಂದು ಕೇಳಿದರು. ಬುದ್ಧರು ಒಪ್ಪಲಿಲ್ಲ. ಹಾಗೆ ಮಾಡುವುದು ತಪ್ಪು ಎಂದರು. ಅವರವರ ನುಡಿಯಲ್ಲೇ ಕಲಿಯಲಿ ಎಂದು ಅನುಮತಿ ಕೊಟ್ಟರು. ಹೆಚ್ಚಿನ ವಿದ್ವಾಂಸರು ಆ ಮಾತನ್ನು ಹೀಗೆಯೇ ಅರ್ಥ ಮಾಡಿದ್ದಾರೆ.

ಇದು ಸಂಸ್ಕೃತಕ್ಕಷ್ಟೇ ಅನ್ವಯಿಸುವ ಮಾತು ಅಂದುಕೊಳ್ಳಬೇಡಿ. ನಮ್ಮ ಪಾಲಿಗೂ ಅನ್ವಯಿಸುತ್ತದೆ. ನನ್ನ ಅವ್ವ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ನಾನು ರಾತ್ರಿ ಪಕ್ಕದಲ್ಲಿ ಕೂತು ಮಂಗಲ ಸುತ್ತ ಹೇಳುತ್ತಿದ್ದೆ. ಒಂದು ದಿನ ಅವ್ವ ತೊದಲುತ್ತಲೇ ಕೇಳಿದಳು: "ಅದೇನವ್ವಾ ಹೇಳ್ತಾ ಇದ್ದೀ? ನಂಗೂ ತಿಳಿಯಂಗೆ ಹೇಳು." ಅಂದಿನಿಂದ ಪಾಲಿಯ ಒಂದು ಸಾಲು, ಅದರ ಹಿಂದೆಯೇ ಕನ್ನಡದಲ್ಲಿ ಅದರ ಅರ್ಥ, ಹೀಗೆ ಹೇಳುವುದು ರೂಢಿಯಾಯಿತು. ತಾಯಿತಂದೆಯರ ಸೇವೆ ಮಂಗಲ ಎನ್ನುವ ಸಾಲು ಬಂದಾಗ ಅವ್ವ, "ಅದ ನೀನು ಮಾಡ್ತಾ ಇದ್ದೀಯಲ್ಲ, ಮುಂದಕ್ಕೆ ಹೋಗು" ಅನ್ನುತ್ತಿದ್ದಳು. ಅಕ್ಷರ ಕಲಿಯದ ಆಕೆಗೆ ಚುಲ್ಲವಗ್ಗ ಗೊತ್ತಿರಲಿಲ್ಲ. ಕೇಳಿದ್ದು ಮಾತ್ರ ಅದನ್ನೇ.

ಹೆತ್ತವರ ಗೌರವದ ಮಾತು ಈ ನಾಡಿಗೆ ಬಹಳ ಹಿಂದೆಯೇ ಬಂದಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ಅಲ್ಲಿ ರಾಜ ಹೇಳಿಸಿದ ಮಾತುಗಳ ತಿರುಳು ಇಷ್ಟು: ತಾಯಿತಂದೆಯರ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇಡಿ, ಸತ್ಯ ನುಡಿಯಿರಿ, ಶಿಷ್ಯ ಗುರುವನ್ನು ಗೌರವಿಸಲಿ, ನೆಂಟರಿಷ್ಟರೊಡನೆ ಸರಿಯಾಗಿ ನಡೆದುಕೊಳ್ಳಿ. ಬರೆದವನು ಚಪಡನೆಂಬ ಲಿಪಿಕಾರ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಂದೆತಾಯಿಯ ಗೌರವ ಯಾವುದೋ ಒಂದು ಭಾಷೆಯ, ಒಂದು ಜಾತಿಯ ಸ್ವತ್ತು ಎನ್ನುವವರಿಗೆ ಆ ಬಂಡೆ ಎರಡು ಸಾವಿರಕ್ಕೂ ಹೆಚ್ಚು ವರ್ಷದಿಂದ ಉತ್ತರ ಹೇಳುತ್ತಾ ಅಲ್ಲೇ ಇದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

*ಹೆತ್ತವರನ್ನು ಗೌರವಿಸುವುದು ಎಂದರೇನು?*

ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ಓದು ಮುಗಿಸಿ ಹೊರಟ ಶಿಷ್ಯನಿಗೆ ತಾಯಿ, ತಂದೆ, ಆಚಾರ್ಯ, ಅತಿಥಿಯನ್ನು ದೇವರೆಂದು ಕಾಣು ಎಂದು ಗುರು ಹೇಳುತ್ತಾನೆ. ಶಾಲೆಗಳಲ್ಲಿ ಹೆಚ್ಚಾಗಿ ಹೇಳಿಸುವುದು ಇದನ್ನೇ. ಮಾತು ಒಳ್ಳೆಯದೇ. ಅಂಗುತ್ತರ ನಿಕಾಯದ ಸಬ್ರಹ್ಮ ಸುತ್ತದಲ್ಲಿ ಬುದ್ಧರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಯಾವ ಮನೆಯಲ್ಲಿ ಮಕ್ಕಳು ತಂದೆತಾಯಿಯನ್ನು ಗೌರವಿಸುತ್ತಾರೋ ಆ ಮನೆ ಬ್ರಹ್ಮನಿರುವ ಮನೆ ಎನ್ನುತ್ತಾರೆ. ಬ್ರಹ್ಮ ಎಂದರೆ ಹೆತ್ತವರು, ಮೊದಲ ಗುರುಗಳು ಎಂದರೂ ಅವರೇ. ಅಂದಿನ ಜನ ಎಲ್ಲಕ್ಕಿಂತ ಮೇಲೆ ಕೂರಿಸಿದ್ದ ದೇವರ ಹೆಸರನ್ನು ತೆಗೆದು ಗುಡಿಸಲಿನಲ್ಲಿ ರಾಗಿ ಬೀಸುವ ತಾಯಿಗೆ ಕೊಟ್ಟ ಹಾಗಾಯಿತು. ಜೊತೆಗೆ ಕಾರಣವನ್ನೂ ಕೊಟ್ಟರು: ಅವರು ಹೊತ್ತರು, ಸಾಕಿದರು, ಈ ಲೋಕವನ್ನು ತೋರಿಸಿದರು.

ಕಾರಣ ಕೊಟ್ಟದ್ದು ದೊಡ್ಡ ವಿಷಯ. ನನ್ನ ತರಗತಿಯಲ್ಲಿ ಒಮ್ಮೆ ಈ ಪಾಠ ನಡೆಯುವಾಗ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ನಂಗೆ ಅಪ್ಪ ಅಮ್ಮ ಇಲ್ಲ. ನಾನು ಯಾರ ಹೆಸರು ಹೇಳಲಿ?" ಎಂದ. ಅವನನ್ನು ಸಾಕಿದ್ದು ಅಜ್ಜಿ, ಸಂತೆಯಲ್ಲಿ ಸೊಪ್ಪು ಮಾರುವಾಕೆ. ಸಾಕಿದವರು, ಲೋಕ ತೋರಿಸಿದವರು ಎಂಬ ಕಾರಣ ಹಿಡಿದು ನೋಡಿದರೆ ಅವನ ಪಾಲಿನ ಬ್ರಹ್ಮ ಆ ಅಜ್ಜಿಯೇ. ಅಂದು ಅವನು ಅಜ್ಜಿಯ ಹೆಸರನ್ನು ಗಟ್ಟಿಯಾಗಿ ಹೇಳಿ ಕೂತ.

ದೀಘ ನಿಕಾಯದ ಸಿಗಾಲೋವಾದ ಸುತ್ತವನ್ನು ನಾವೆಲ್ಲ ಓದಿದ್ದೇವೆ. ಒದ್ದೆ ಬಟ್ಟೆ, ಒದ್ದೆ ಕೂದಲಲ್ಲಿ ನಿಂತು ಆರು ದಿಕ್ಕಿಗೆ ಕೈಮುಗಿಯುತ್ತಿದ್ದ ಯುವಕ ಸಿಗಾಲ. ಯಾಕೆ ಎಂದು ಬುದ್ಧರು ಕೇಳಿದರೆ, ಸಾಯುವಾಗ ಅಪ್ಪ ಹೇಳಿಹೋದ, ಅದಕ್ಕೆ ಮಾಡುತ್ತಿದ್ದೇನೆ ಎಂದ. ಅಪ್ಪನ ಮಾತಿನ ಮೇಲೆ ಅವನಿಗಿದ್ದ ಗೌರವವನ್ನು ಬುದ್ಧರು ಹೀಯಾಳಿಸಲಿಲ್ಲ. ಆ ಮಾತಿಗೆ ಹೊಸ ಅರ್ಥ ತುಂಬಿದರು. ಪೂರ್ವ ಎಂದರೆ ತಂದೆತಾಯಿ, ದಕ್ಷಿಣ ಎಂದರೆ ಗುರು, ಪಶ್ಚಿಮ ಎಂದರೆ ಹೆಂಡತಿ ಮಕ್ಕಳು, ಉತ್ತರ ಎಂದರೆ ಗೆಳೆಯರು, ಕೆಳಗಿನ ದಿಕ್ಕು ಎಂದರೆ ದುಡಿಯುವ ಆಳುಗಳು, ಮೇಲಿನ ದಿಕ್ಕು ಎಂದರೆ ಶ್ರಮಣ ಬ್ರಾಹ್ಮಣರು. ನಮ್ಮ ಕನ್ನಡದಲ್ಲಿ ಪೂರ್ವಕ್ಕೆ ಮೂಡು ಎನ್ನುತ್ತೇವೆ. ಮೂಡುವುದು ಎಂದರೆ ಕಾಣಿಸಿಕೊಳ್ಳುವುದು, ಹುಟ್ಟುವುದು. ನಾವು ಮೂಡಿ ಬಂದ ದಿಕ್ಕು ಹೆತ್ತವರು ಎಂದು ನೆನಪಿಟ್ಟುಕೊಂಡರೆ ಈ ಸುತ್ತ ಮರೆಯುವುದಿಲ್ಲ.

ಅಲ್ಲಿ ಮಕ್ಕಳಿಗೆ ಐದು ಕರ್ತವ್ಯ ಹೇಳಿದ್ದಾರೆ:

1. ನನ್ನನ್ನು ಸಾಕಿದವರನ್ನು ನಾನು ಸಾಕುತ್ತೇನೆ.
2. ಅವರ ಕೆಲಸಗಳನ್ನು ಮಾಡಿಕೊಡುತ್ತೇನೆ.
3. ಮನೆತನವನ್ನು ನಡೆಸಿಕೊಂಡು ಹೋಗುತ್ತೇನೆ.
4. ಅವರು ಕೊಟ್ಟದ್ದಕ್ಕೆ ಯೋಗ್ಯನಾಗಿ ನಡೆಯುತ್ತೇನೆ.
5. ಅವರು ತೀರಿಕೊಂಡ ಮೇಲೆ ಅವರ ಹೆಸರಲ್ಲಿ ದಾನ ಮಾಡುತ್ತೇನೆ.

ಅಲ್ಲಿಗೇ ನಿಲ್ಲಿಸದೆ ಹೆತ್ತವರಿಗೂ ಐದು ಹೇಳಿದರು: ಮಕ್ಕಳನ್ನು ಕೆಟ್ಟದ್ದರಿಂದ ತಡೆಯಬೇಕು, ಒಳ್ಳೆಯದಕ್ಕೆ ಹಚ್ಚಬೇಕು, ಒಂದು ವಿದ್ಯೆ ಕಲಿಸಬೇಕು, ತಕ್ಕ ಸಂಗಾತಿ ನೋಡಬೇಕು, ಹೊತ್ತಿಗೆ ಸರಿಯಾಗಿ ಆಸ್ತಿ ವಹಿಸಿಕೊಡಬೇಕು. ದೇವರಿಗೆ ಕರ್ತವ್ಯ ಹೇಳಿಕೊಡುವವರು ಯಾರೂ ಇಲ್ಲ. ಇಲ್ಲಿ ತಂದೆತಾಯಿಗೂ ಕರ್ತವ್ಯ ಉಂಟು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಗೃಹಸ್ಥರ ವಿನಯವನ್ನು ಹೇಳುವಾಗ ಮಕ್ಕಳಿಗೆಂದೇ ಒಂದು ಪ್ರಕರಣ ಇಟ್ಟಿದ್ದಾರೆ. ಮನೆಯಲ್ಲಿ ಎಲ್ಲರೂ ಕೂತು ಓದಿಕೊಳ್ಳುವಂಥದ್ದು.

ಇನ್ನು ನಮ್ಮ ಬಳಗದಲ್ಲಿ ಮತ್ತೆ ಮತ್ತೆ ಬರುವ ಮೂರು ಕಷ್ಟದ ಪ್ರಶ್ನೆಗಳಿವೆ.

*ಕುಡಿದು ಬಂದು ಹೊಡೆಯುವ ಅಪ್ಪನನ್ನೂ ಗೌರವಿಸಬೇಕೇ?* ನೂರು ವರ್ಷ ಹೆಗಲ ಮೇಲೆ ಹೊತ್ತರೂ ತೀರದ ಋಣ ತೀರುವುದು ಹೇಗೆ ಎಂದು ಬುದ್ಧರು ಅದೇ ಸುತ್ತದಲ್ಲಿ ಹೇಳಿದ್ದಾರೆ. ಶ್ರದ್ಧೆ ಇಲ್ಲದ ಹೆತ್ತವರನ್ನು ಶ್ರದ್ಧೆಯಲ್ಲಿ, ಶೀಲ ಇಲ್ಲದವರನ್ನು ಶೀಲದಲ್ಲಿ, ಜಿಪುಣರನ್ನು ತ್ಯಾಗದಲ್ಲಿ, ಅರಿವಿಲ್ಲದವರನ್ನು ಪ್ರಜ್ಞೆಯಲ್ಲಿ ನೆಲೆಗೊಳಿಸಿದ ಮಗ ಋಣ ತೀರಿಸಿದ ಹಾಗೆ. ಅಂದರೆ ಹೆತ್ತವರಲ್ಲೂ ಶೀಲ ತಪ್ಪಿದವರು ಇರಬಹುದು ಎಂದು ಬುದ್ಧರಿಗೆ ಗೊತ್ತಿತ್ತು. ಅನ್ನ ಹಾಕಿ, ಔಷಧಿ ಕೊಡಿಸಿ, ಆಸ್ಪತ್ರೆಗೆ ಸೇರಿಸಿ. ಕುಡಿಯಲು ದುಡ್ಡು ಕೊಡಬೇಡಿ. ಏಟು ತಿನ್ನುತ್ತಾ ಸುಮ್ಮನಿರುವುದನ್ನು ಗೌರವ ಎಂದು ಕರೆಯಬೇಡಿ. ಅವ್ವನನ್ನು, ತಂಗಿಯನ್ನು ಆ ಏಟಿನಿಂದ ತಪ್ಪಿಸುವುದೂ ನಿಮ್ಮದೇ ಕರ್ತವ್ಯ.

*ಅವ್ವ ಇನ್ನೂ ಮಾರಮ್ಮನ ಫೋಟೋ ಇಟ್ಟುಕೊಂಡಿದ್ದಾಳೆ, ತೆಗೆಸಬೇಕೇ?* ನೆಲೆಗೊಳಿಸುವುದು ಎಂದರೆ ಕಿತ್ತು ಬಿಸಾಡುವುದಲ್ಲ. ಗದರಿಸಿ ಫೋಟೋ ತೆಗೆಸಿದರೆ ಗೋಡೆ ಖಾಲಿಯಾಗುತ್ತದೆ, ಅವ್ವನ ಮನಸ್ಸು ಮುಚ್ಚಿಹೋಗುತ್ತದೆ. ಸಿಗಾಲನ ಜೊತೆ ಬುದ್ಧರು ಹೇಗೆ ಮಾತನಾಡಿದರು ಎಂದು ನೆನಪು ಮಾಡಿಕೊಳ್ಳಿ. ದೀಕ್ಷೆ ತೆಗೆದುಕೊಂಡ ಮಗನ ಬಾಯಲ್ಲಿ ಮಾತು ಮೃದುವಾಯಿತು, ಕುಡಿತ ಬಿಟ್ಟ, ಸೊಸೆಯ ಮೇಲೆ ಕೈ ಎತ್ತುವುದು ನಿಲ್ಲಿಸಿದ ಎಂದು ತಾಯಿ ಕಣ್ಣಾರೆ ಕಂಡರೆ ಅವಳೇ ಒಂದು ದಿನ ಕೇಳುತ್ತಾಳೆ, "ನಿಮ್ಮ ಬುದ್ಧಪ್ಪ ಏನ್ ಹೇಳವ್ನೆ ಮಗಾ?" ಅಂತ.

*ಪಿತೃಪಕ್ಷಕ್ಕೆ ಎಡೆ ಇಡದಿದ್ದರೆ ನೆಂಟರು ಬಯ್ಯುತ್ತಾರೆ, ಏನು ಮಾಡೋಣ?* 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎನ್ನುವುದೂ ಒಂದು. ಅದರಲ್ಲಿ ರಾಜಿ ಇಲ್ಲ. ಆದರೆ ನೆಂಟರಿಗೆ ಕೊಡುವ ಉತ್ತರ ನಮ್ಮ ನಡತೆಯಲ್ಲಿರಲಿ. ಬದುಕಿದ್ದಾಗ ಅವ್ವನ ತಟ್ಟೆಗೆ ಬಿಸಿ ಮುದ್ದೆ ಹಾಕಿದವರಿಗೆ ಸತ್ತ ಮೇಲೆ ಎಡೆ ಇಡಲಿಲ್ಲವೆಂಬ ಕೊರಗು ಇರುವುದಿಲ್ಲ. ತೀರಿಕೊಂಡವರ ನೆನಪಿನ ದಿನ ತ್ರಿಶರಣ ಪಂಚಶೀಲ ಹೇಳಿ, ಕೇರಿಯ ಮಕ್ಕಳಿಗೆ ನೋಟ್‌ಬುಕ್ಕು ಕೊಡಿ, ಹಾಸ್ಟೆಲ್ ಮಕ್ಕಳಿಗೆ ಊಟ ಹಾಕಿ. ಸಿಗಾಲನಿಗೆ ಹೇಳಿದ ಐದನೆಯ ಕರ್ತವ್ಯ ಅಲ್ಲಿ ಪೂರ್ತಿಯಾಗುತ್ತದೆ.

*ರಾಮ್‌ಜಿಯವರ ಮಗ*

ಈ ವಿಷಯದಲ್ಲಿ ಬಾಬಾಸಾಹೇಬರ ಬದುಕೇ ನಮಗೆ ಪಾಠ. ಭೀಮಾಬಾಯಿ ತೀರಿಕೊಂಡಾಗ ಅವರಿನ್ನೂ ಎಳೆಯ ಹುಡುಗ. ತಂದೆ ಸುಬೇದಾರ್ ರಾಮ್‌ಜಿ ಸಕ್ಪಾಲರು ಕಬೀರ ಪಂಥದವರು. ಮಗ ಪುಸ್ತಕ ಬೇಕೆಂದರೆ ಕೈಯಲ್ಲಿ ದುಡ್ಡಿಲ್ಲದಿದ್ದರೂ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ, ಅವರ ಒಡವೆ ಕೇಳಿ ತಂದು, ಗಿರವಿ ಇಟ್ಟು ಪುಸ್ತಕ ಕೊಡಿಸುತ್ತಿದ್ದರು.

ಅದೇ ತಂದೆ ಮಕ್ಕಳಿಂದ ರಾಮಾಯಣ ಮಹಾಭಾರತ ಓದಿಸುತ್ತಿದ್ದರು. ಹುಡುಗ ಭೀಮ ಕೇಳಿಯೇಬಿಟ್ಟರು: ಬ್ರಾಹ್ಮಣ ಕ್ಷತ್ರಿಯರನ್ನು ಹೊಗಳಿ ಶೂದ್ರರನ್ನು, ಅಸ್ಪೃಶ್ಯರನ್ನು ಕೀಳು ಮಾಡುವ ಇದನ್ನು ನಾವು ಯಾಕೆ ಓದಬೇಕು? ತಂದೆ ತಮಗೆ ತಿಳಿದಂತೆ ಉತ್ತರ ಕೊಟ್ಟರು. ದ್ರೋಣ, ಕರ್ಣ ಇವರೆಲ್ಲ ಕೆಳಗಿನಿಂದ ಮೇಲೆ ಬಂದವರು, ನಮ್ಮ ಕೀಳರಿಮೆ ಹೋಗಲಿ ಎಂದು ಓದಿಸುತ್ತೇನೆ ಎಂದರು. ಮಗನಿಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ. 1956ರಲ್ಲಿ, 'ಬುದ್ಧ ಮತ್ತು ಆತನ ಧಮ್ಮ'ಕ್ಕೆ ಬರೆದ ಮುನ್ನುಡಿಯಲ್ಲಿ ಬಾಬಾಸಾಹೇಬರೇ ಇದನ್ನು ಹೇಳಿಕೊಂಡಿದ್ದಾರೆ. ಅದೇ ಮಗ 1923ರಲ್ಲಿ ಬಂದ ತಮ್ಮ ರೂಪಾಯಿ ಸಮಸ್ಯೆಯ ಕುರಿತ ಗ್ರಂಥವನ್ನು ತಂದೆತಾಯಿಯ ನೆನಪಿಗೆ ಅರ್ಪಿಸಿದರು, ತಮ್ಮ ಓದಿಗಾಗಿ ಅವರು ಪಟ್ಟ ಪಾಡನ್ನು ನೆನೆದು. ತಂದೆಯನ್ನು ಪ್ರಶ್ನಿಸಿದ ಬಾಯಿ ತಂದೆಯನ್ನು ಮರೆಯಲಿಲ್ಲ. ಎರಡೂ ಒಂದೇ ಎದೆಯಲ್ಲಿ ಇರಬಹುದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

*ಪಠಣದಿಂದ ಮನಸ್ಸು ಶಾಂತವಾಗುತ್ತದೆಯೇ?*

ಸಂಯುತ್ತ ನಿಕಾಯದಲ್ಲಿ ಸಂಗಾರವ ಎಂಬ ಬ್ರಾಹ್ಮಣ ಬಂದು ಬುದ್ಧರನ್ನು ಕೇಳುತ್ತಾನೆ: "ಬಹಳ ದಿನ ಪಠಿಸಿದ ಮಂತ್ರ ಕೂಡ ಒಮ್ಮೊಮ್ಮೆ ನೆನಪಿಗೆ ಬರುವುದಿಲ್ಲ, ಪಠಿಸದ ಮಂತ್ರ ಕೂಡ ಒಮ್ಮೊಮ್ಮೆ ಹೊಳೆಯುತ್ತದೆ. ಯಾಕೆ?" ಬುದ್ಧರು ನೀರಿನ ಪಾತ್ರೆಯ ಹೋಲಿಕೆ ಕೊಡುತ್ತಾರೆ. ಆಸೆ ತುಂಬಿದ ಮನಸ್ಸು ಅರಗು, ಅರಿಸಿನದ ಬಣ್ಣ ಕಲಸಿದ ನೀರು. ದ್ವೇಷದ ಮನಸ್ಸು ಒಲೆಯ ಮೇಲೆ ಕುದಿಯುವ ನೀರು. ಜಡ ಮನಸ್ಸು ಪಾಚಿ ಮುಚ್ಚಿದ ನೀರು. ಚಂಚಲ ಮನಸ್ಸು ಗಾಳಿಗೆ ಅಲೆಯೆದ್ದ ನೀರು. ಸಂಶಯದ ಮನಸ್ಸು ಕತ್ತಲಲ್ಲಿಟ್ಟ ಕೆಸರು ನೀರು. ಈ ಐದರಲ್ಲಿ ಯಾವುದರಲ್ಲೂ ಮುಖ ಕಾಣದು. ನೀರು ತಿಳಿಯಾದರೆ ಕಾಣುತ್ತದೆ. ಶಕ್ತಿ ಮಂತ್ರದಲ್ಲಿದೆ ಎಂದು ಬುದ್ಧರು ಹೇಳಲೇ ಇಲ್ಲ. ಅಣ್ಣನ ಮೇಲೆ ಜಮೀನಿನ ಕೇಸು ಕುದಿಯುತ್ತಿರುವಾಗ ಯಾವ ಭಾಷೆಯ ಶ್ಲೋಕ ಹೇಳಿದರೂ ಅದು ಕುದಿಯುವ ನೀರಿನ ಮೇಲೆ ಮುಖ ನೋಡಿದ ಹಾಗೆ.

ಹಾಗೆಂದು ಪಠಣ ವ್ಯರ್ಥವೂ ಅಲ್ಲ. ಅಂಗುತ್ತರ ನಿಕಾಯದ ವಿಮುತ್ತಾಯತನ ಸುತ್ತದಲ್ಲಿ ಮನಸ್ಸು ಬಿಡುಗಡೆಯ ಕಡೆ ಸಾಗುವ ಐದು ದಾರಿಗಳನ್ನು ಹೇಳಿ, ಧಮ್ಮವನ್ನು ಪಠಿಸುವುದೂ ಅದರಲ್ಲಿ ಒಂದು ಎಂದಿದ್ದಾರೆ. ಕ್ರಮ ಹೀಗಿದೆ: ಪಠಿಸುವಾಗ ಅರ್ಥ ತಿಳಿಯುತ್ತದೆ, ಅರ್ಥ ತಿಳಿದಾಗ ಸಂತೋಷ, ಸಂತೋಷದಿಂದ ಪ್ರೀತಿ, ಪ್ರೀತಿಯಿಂದ ಮೈ ಹಗುರ, ಅದರಿಂದ ಸುಖ, ಸುಖದಿಂದ ಚಿತ್ತ ನೆಲೆಗೊಳ್ಳುತ್ತದೆ. ಇದರಲ್ಲಿ ಎರಡನೆಯ ಮೆಟ್ಟಿಲು ಅರ್ಥ. ಅದನ್ನು ಹಾರಿಸಿದರೆ ಉಳಿಯುವುದು ಗಿಳಿಪಾಠ. ಧಮ್ಮಪದದ ಸಹಸ್ಸವಗ್ಗ ಹೇಳುವುದೂ ಇದನ್ನೇ. ರಾಗ ಎಳೆದು ಹಾಡಿನಂತೆ ಧಮ್ಮ ಪಠಿಸುವುದರ ದೋಷಗಳನ್ನೂ ಬುದ್ಧರು ಎಣಿಸಿದ್ದಾರೆ. ಮೊದಲ ದೋಷ, ಹೇಳುವವನು ತನ್ನ ದನಿಗೆ ತಾನೇ ಮರುಳಾಗುವುದು. ಮೈಕು ಹಿಡಿದು ವಂದನೆ ಹೇಳುವ ನಾವೆಲ್ಲರೂ ಗಮನಿಸಬೇಕಾದ ಮಾತು.

*ಹಾಗಾದರೆ ಮಗು ಶ್ಲೋಕ ಹೇಳಬಹುದೇ?*

ನನ್ನ ಉತ್ತರ ಇಷ್ಟು. ಆ ಶ್ಲೋಕ ಹೆತ್ತವರನ್ನು ಗೌರವಿಸು ಎನ್ನುವುದಾದರೆ ಮಗು ಕಲಿಯಲಿ. ಒಂದು ಭಾಷೆ ಹೆಚ್ಚು ಕಲಿತಂತಾಯಿತು, ಅಜ್ಜ ಮುತ್ತಜ್ಜಂದಿರಿಗೆ ಮುಚ್ಚಿದ್ದ ಬಾಗಿಲನ್ನು ನಮ್ಮ ಮಗು ತಳ್ಳಿಕೊಂಡು ಹೋದಂತಾಯಿತು. ಆದರೆ ಮನೆಯಲ್ಲಿ ಮೂರು ಕೆಲಸ ಮಾಡಿ. ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸಿ. ಸಬ್ರಹ್ಮ ಸುತ್ತ ಇದನ್ನೇ ಯಾವ ಕಾರಣಕ್ಕೆ ಹೇಳುತ್ತದೆ ಎಂದು ತಿಳಿಸಿ. ತಂದೆತಾಯಿಗೂ ಕರ್ತವ್ಯಗಳಿವೆ ಎಂದು ಮಗುವಿನ ಎದುರೇ ಓದಿ. ಶ್ಲೋಕದ ಹೆಸರಲ್ಲಿ ದೇವರ ಪೂಜೆ, ಪಾದಪೂಜೆ ಮಾಡಿಸುತ್ತಿದ್ದರೆ ಅದು ಬೇರೆ ಮಾತು. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಬೇರೆ ಶಾಲೆಗಳಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಅದಕ್ಕೆ ಒಳಪಡಿಸಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಹೋಗಿ ಮುಖ್ಯೋಪಾಧ್ಯಾಯರ ಜೊತೆ ವಿನಯದಿಂದ, ತಲೆ ಎತ್ತಿ ಮಾತನಾಡಿ. ಜಗಳಕ್ಕೆ ಮಗುವನ್ನು ಮುಂದೆ ಮಾಡಬೇಡಿ.

*ಇಂದಿನ ಅಭ್ಯಾಸ*

ಇಂದು ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ನೆಟ್ಟಗೆ ಕೂತು ಉಸಿರು ಒಳಗೆ ಬರುವುದನ್ನು, ಹೊರಗೆ ಹೋಗುವುದನ್ನು ಸುಮ್ಮನೆ ಗಮನಿಸಿ. ನೀರು ಸ್ವಲ್ಪ ತಿಳಿಯಾಗಲಿ. ಆಮೇಲೆ ನಿಮ್ಮನ್ನು ಸಾಕಿದವರ ಕೈಗಳನ್ನು ನೆನೆಯಿರಿ. ಗಾರೆ ಮೆತ್ತಿದ ಕೈ, ಕಳೆ ಕಿತ್ತ ಕೈ, ಪೊರಕೆ ಹಿಡಿದ ಕೈ, ಮುದ್ದೆ ಕಟ್ಟಿದ ಕೈ. ಕೃತಜ್ಞ ಎಂಬ ಪದದ ಅರ್ಥ ಮಾಡಿದ್ದನ್ನು ಅರಿತವನು ಎಂದು. ಪಾಲಿಯಲ್ಲಿ ಕತಞ್ಞು. ಏನು ಮಾಡಿದರು ಎಂದು ಒಂದೊಂದಾಗಿ ಅರಿಯುತ್ತಾ ಹೋಗಿ. ಮಂಗಲ ಸುತ್ತ ಬರುವವರು ನಿಧಾನವಾಗಿ ಹೇಳಿ. ಬಾರದವರು, "ನನ್ನನ್ನು ಸಾಕಿದವರು ಸುಖವಾಗಿರಲಿ" ಎಂದು ಕನ್ನಡದಲ್ಲೇ ಹೇಳಿ. ಅಷ್ಟು ಸಾಕು.

ಹೆತ್ತವರು ಇನ್ನೂ ಇರುವವರು ಹತ್ತು ನಿಮಿಷ ಮುಗಿದ ಕೂಡಲೇ ಫೋನು ಮಾಡಿ. ಮಾತ್ರೆ ಮುಗಿದಿದೆಯಾ, ಕನ್ನಡಕ ಒಡೆದಿದೆಯಾ, ಈ ತಿಂಗಳ ಪಿಂಚಣಿ ಬಂತಾ ಎಂದು ಕೇಳಿ. ಅಣ್ಣತಮ್ಮಂದಿರಲ್ಲಿ ಅವ್ವನನ್ನು ತಿಂಗಳ ಪಾಳಿ ಹಾಕಿ ಸಾಗಹಾಕುತ್ತಿರುವ ಮನೆಗಳು ನಮ್ಮ ನಡುವೆಯೂ ಇವೆ. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಗೆಂದು 2007ರಲ್ಲಿ ಕಾಯ್ದೆಯೇ ಬಂದಿದೆ. ಧಮ್ಮ ಕೈಹಿಡಿದವರ ಮನೆಯ ಮುದುಕಿ ಆ ಕಾಯ್ದೆಯ ಬಾಗಿಲು ಬಡಿಯುವ ದಿನ ಬರಬಾರದು.

ಫೋನು ಎತ್ತದೆ ವಾರವಾಯಿತು ಎಂದು ಬರೆದ ಅಣ್ಣನಿಗೆ ವಿಶೇಷವಾಗಿ ಒಂದು ಮಾತು. ನೀವು ಅದನ್ನು ಎಲ್ಲರ ಎದುರು ಬರೆದಿದ್ದೇ ಕತಞ್ಞುತೆಯ ಮೊದಲ ಹೆಜ್ಜೆ. ಎರಡನೆಯ ಹೆಜ್ಜೆ ಸುಲಭ. ನಂಬರು ನಿಮ್ಮ ಹತ್ತಿರವೇ ಇದೆ.

ಎಲ್ಲರಿಗೂ ಮಂಗಳವಾಗಲಿ. ಎಲ್ಲರ ಮನೆಯ ಹಿರಿಯರು ನೆಮ್ಮದಿಯಿಂದಿರಲಿ.

ಸಾಧು ಸಾಧು ಸಾಧು 🙏
ನಮೋ ಬುದ್ಧಾಯ, ಜೈ ಭೀಮ್ 💙

(ಓದಿದ ಮೇಲೆ ಮನೆಯವರಿಗೂ ಓದಿ ಹೇಳಿ. ನಿಮ್ಮ ಊರಿನ ಬಳಗಗಳಿಗೂ ಕಳಿಸಿ.)